ಕಾಕಾ ಮತ್ತು ಜೇಜುರಿ ದಾರಿಯ ಹಳದಿ

ಹೋದ ತಿಂಗಳು ಪುಣೆಯ ನಿಗಡಿಯಲ್ಲಿ, ಮಾರುತಿ ಗುಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ನಮ್ಮ ಓಣಿಯ ಕನ್ನಡ ಮಂದಿ ಸೇರಿ ಕಾಕಾಗೆ ಒಂದು ಶೋಕಸಭೆ ಮಾಡಿದರು. ಆಫೀಸಿನವನು, ನಾಲ್ಕು ಅಕ್ಷರ ಬಲ್ಲವನು ಎಂದು ಮೊದಲು ನನ್ನನ್ನೇ ಎಬ್ಬಿಸಿದರು. ನಾನು ಎದ್ದು ಗಂಟಲು ಸರಿಮಾಡಿಕೊಂಡು ಹೇಳಿದೆ: "ಕಾಕಾ ಭಾಳ ಶಾಂತ ಸ್ವಭಾವದ ಮನುಷ್ಯಾರು. ನನ್ನ ಜೋಡಿ ಒಂದಿನಾನೂ ಧ್ವನಿ ಏರಿಸಿ ಮಾತಾಡಿದವರಲ್ಲ." ಎಲ್ಲರೂ ತಲೆಯಾಡಿಸಿದರು. ಸತ್ತವರ ಬಗ್ಗೆ ಯಾರು ಏನು ಹೇಳಿದರೂ ತಲೆಯಾಡಿಸುವ ಈ ಚಾಳಿಗೆ ಬೆಂಕಿ ಹಾಕಬೇಕು.

ಕೂತ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಕಾಕಾ ಶಾಂತರೇ? ಅವರಷ್ಟು ಸಿಡುಕಿನ ಮನುಷ್ಯನನ್ನು ನಾನು ನನ್ನೂರು ವಿಜಾಪುರದಲ್ಲೂ ಕಂಡಿಲ್ಲ, ಪುಣೆಯಲ್ಲೂ ಕಂಡಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಗೆ ಬೈಯುತ್ತಿದ್ದರು. ಬಸ್ಸು ತಡವಾದರೆ ಬಸ್ಸಿಗೆ ಬೈದು, ಅದು ಬಂದ ಮೇಲೆ ಯಾಕೆ ಬಂದೆ ಎಂದು ಇನ್ನೊಮ್ಮೆ ಬೈಯುತ್ತಿದ್ದರು. ನಾನು ಸೈಕಲ್ಲನ್ನು ಅವರ ಬಾಗಿಲಿಗೆ ಸ್ವಲ್ಪ ಅಡ್ಡ ನಿಲ್ಲಿಸಿದರೂ ಓಣಿಯ ಎರಡೂ ತುದಿಗೆ ಕೇಳುವ ಹಾಗೆ, "ಇದೇನು ನಿಮ್ಮಪ್ಪನ ಸ್ಟೇಷನ್ನೇನಲೇ?" ಎನ್ನುತ್ತಿದ್ದರು. ದೇವರನ್ನೂ ಬಿಟ್ಟವರಲ್ಲ. ಜೇಜುರಿಯ ಖಂಡೋಬಾ ಅವರ ಪಾಲಿಗೆ ಊರಿನ ಮೈಲಾರಲಿಂಗನೇ. ವರ್ಷಕ್ಕೊಮ್ಮೆ ಚಳಿಗಾಲದ ಚಟ್ಟಿ ಹಬ್ಬಕ್ಕೆ ನಡೆದು ಹೋಗಿ, ಅವನ ಮುಂದೆ ನಿಂತು ಅರ್ಧ ತಾಸು ಜಗಳಾಡಿ ಬರುತ್ತಿದ್ದರು. "ಮನಿ ದೇವರಿಗೆ ಬೈಲಿಲ್ಲಂದ್ರ ಮಂದಿ ದೇವರಿಗೆ ಬೈಲೇನು?" ಎಂದು ನನ್ನನ್ನೇ ಕೇಳುತ್ತಿದ್ದರು.

ನನ್ನ ಸ್ವಂತ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ; ಯಾದಗಿರಿ ಕಡೆಯವರು. ಎಪ್ಪತ್ತನೆಯ ಇಸವಿಯ ಸುಮಾರಿಗೆ ಹೆಂಡತಿಯನ್ನು ಕಟ್ಟಿಕೊಂಡು ಪುಣೆಗೆ ಬಂದು, ಆಕುರ್ಡಿಯ ಬಯಲಿನಲ್ಲಿ ಕಾರ್ಖಾನೆಗಳು ಏಳುವಾಗ ಮಣ್ಣು ಹೊತ್ತವರು. ಆಮೇಲೆ ನಾನು ಕಾರಕೂನನಾಗಿ ಸೇರಿದ ಕಾರ್ಖಾನೆಯ ಪಾಯ ತೋಡಿದವರೂ ಅವರೇ. ಕಟ್ಟಡ ಎದ್ದ ಮೇಲೆ ಅದೇ ಗೇಟಿನ ಹೊರಗೆ ಬದಲಿ ಕಾಮಗಾರರಾಗಿ ನಿಂತರು. ಬದಲಿ ಎಂದರೆ ಇಷ್ಟು: ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಗೇಟಿನ ಮುಂದೆ ನಿಲ್ಲಬೇಕು. ಒಳಗಿನ ಕಾಯಂ ಆಳು ಯಾರಾದರೂ ಜ್ವರ ಬಂದು ಮಲಗಿದ್ದರೆ ಆ ದಿನ ಅವನ ಜಾಗಕ್ಕೆ ಕರೆಯುತ್ತಾರೆ. ಇಲ್ಲದಿದ್ದರೆ ಡಬ್ಬಿ ಹಿಡಿದುಕೊಂಡು ಮನೆಗೆ. ಒಂಬತ್ತು ವರ್ಷ ಹೀಗೆ ನಿಂತರು. ಕಡೆಯ ಒಂದು ವರ್ಷ ಗೇಟಿನಲ್ಲಿ ಹೆಸರು ಕೂಗುತ್ತಿದ್ದವನು ನಾನು.

"ದಿನಾ ಮುಂಜಾನೆದ್ದು ಯಾವನರೇ ಒಬ್ಬ ಬ್ಯಾನಿ ಬೀಳ್ಲಿ ಅಂತ ಬೇಡ್ಕೋಬೇಕಲೇ ತಮ್ಮಾ," ಎಂದು ಒಂದು ದಿನ ನನಗೆ ಹೇಳಿದರು. "ಇದು ಮನಷ್ಯಾ ಬೇಡೋ ಬೇಡಿಕೆ ಅದನು? ಹಿಂಗ ಬೇಡಿ ಬೇಡಿ ನನ್ನ ಬಾಯಿ ಹೊಲಸಾಗ್ಯದ. ಅದಕ್ಕ ಬೈತೀನಿ."

ಅಂಥವರ ಎದುರಿಗೆ ಆ ವರ್ಷ ಕಾರ್ಖಾನೆಯವರು ಒಂದು ಆಸೆ ಹಿಡಿದು ಕುಣಿಸಿದರು. ಕಾರ್ಖಾನೆಗೆ ಮುಂಬೈಯಿಂದ ಹೊಸ ಕ್ರೀಡಾ ಅಧಿಕಾರಿ ಬಂದಿದ್ದ. ಸ್ವೆಟರನ್ನು ಮೈಮೇಲೆ ಹಾಕಿಕೊಳ್ಳದೆ, ಅದರ ತೋಳುಗಳನ್ನು ಕುತ್ತಿಗೆಗೆ ಗಂಟು ಹಾಕಿಕೊಂಡು ತಿರುಗುವ ಜಾತಿಯವನು. ಸುತ್ತಲಿನ ಕಾರ್ಖಾನೆಗಳೆಲ್ಲ ಸೇರಿ ಗುಡ್ಡದ ಓಟ ನಡೆಸುವುದೆಂದು ತೀರ್ಮಾನವಾಯಿತು. ದಿವೆ ಘಾಟಿನ ಬುಡದಿಂದ ಹೊರಟು, ಸಾಸವಡದ ಹಿಂದಿನ ಗುಡ್ಡಗಳ ಕಾಲುದಾರಿ ಹಿಡಿದು, ಜೇಜುರಿಗೆ ಇನ್ನು ಮೂರು ಮೈಲಿ ಇರುವಾಗ ಒಂದು ಶಾಲೆಯ ಮೈದಾನದಲ್ಲಿ ಮುಗಿಯುವ ಇಪ್ಪತ್ತಾರು ಮೈಲಿ. ನಮ್ಮವನು ಮೊದಲ ಮೂವರಲ್ಲಿ ಬಂದರೆ, ಅವನು ಬದಲಿಯಾಗಿದ್ದರೂ ಮರುದಿನವೇ ಕಾಯಂ ಎಂದು ನೋಟೀಸು ಹಚ್ಚಿದರು. ಕಾಕಾಗೆ ಆಗ ನಲವತ್ತರ ಹತ್ತಿರ. ನೋಟೀಸಿನ ಮುಂದೆ ನಿಂತು ಮೂರು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಗಡಿಯಾರಕ್ಕ ಸೆಕಂಡಿನ ಮುಳ್ಳ ಅದನು?" ಎಂದು ಕೇಳಿದರು. ಇತ್ತು. ನನ್ನ ಅರ್ಹತೆ ಅಷ್ಟೇ.

ಮರುದಿನದಿಂದ ನಸುಕಿನಲ್ಲಿ, ಗಿರಣಿಯ ಭೋಂಗಾ ಕೂಗುವ ಮೊದಲೇ, ನನ್ನ ಬಾಗಿಲ ಮೇಲೆ ಅಂಗೈ ಬೀಳತೊಡಗಿತು. "ಏಳಲೇ ಹೆಣಾ! ನಿನಗ ಹಾಸ್ಗಿ ಹಚ್ಚಿ ಹೊಲದಾರೇನು? ಇನ್ನೊಂದು ಸಲ ಕರೀತೀನಿ, ಆಮ್ಯಾಲೆ ಬಾಗ್ಲಾ ಕಿತ್ತೀನಿ!" ಪಕ್ಕದ ಮನೆಯ ಮರಾಠಿ ಮುದುಕಿ ನನ್ನ ಹೆಸರು ಹೆಣಾ ಎಂದೇ ತಿಳಿದಿದ್ದಳು. ನಾನು ಮಫ್ಲರ್ ಸುತ್ತಿಕೊಂಡು ಸೈಕಲ್ ಹತ್ತಿದರೆ, ಅವರು ಬನಿಯನ್ನು ಮತ್ತು ಖಾಕಿ ಚಡ್ಡಿಯಲ್ಲಿ ಮುಂದೆ ಓಡುತ್ತಿದ್ದರು. ಪುಣೆಯ ಚಳಿಗಾಲದ ನಸುಕು ಸುಮ್ಮನಲ್ಲ. ಹ್ಯಾಂಡಲ್ ಹಿಡಿದ ಬೆರಳು ಮರಗಟ್ಟಿ, ಗಡಿಯಾರದ ಕೀಲಿ ತಿರುಗಿಸಲು ಆಗುತ್ತಿರಲಿಲ್ಲ. ಟೇಕಡಿ, ಅಂದರೆ ಊರಂಚಿನ ಗುಡ್ಡ, ಅದರ ಬುಡದಲ್ಲಿ ಸೈಕಲ್ಲು ಬಿಟ್ಟು ನಾನೂ ಹತ್ತಬೇಕು. ಏದುಸಿರು ಬಿಟ್ಟರೆ ಮೇಲಿನಿಂದ ಬೈಗುಳ: "ಕಾರಕೂನಾ, ಫೈಲ್ ಎತ್ತಿ ಎತ್ತಿ ಎದಿ ಸಣ್ಣದಾಗ್ಯದನು?"

ಅವರ ತಾಲೀಮು ಯಾವ ಕ್ರೀಡಾ ಅಧಿಕಾರಿಗೂ ಗೊತ್ತಿಲ್ಲದ್ದು. ತಲೆಯ ಮೇಲೆ ಹಳೇ ಸೀರೆಯ ಸಿಂಬಿ, ಸಿಂಬಿಯ ಮೇಲೆ ಒಂದು ಚಪ್ಪಟೆ ಕಲ್ಲು. ಅದನ್ನು ಕೈಯಲ್ಲಿ ಹಿಡಿಯದೆ ಗುಡ್ಡ ಹತ್ತಿ ಇಳಿಯುತ್ತಿದ್ದರು. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ಏಣಿ ಹತ್ತಿದವರ ವಿದ್ಯೆ ಅದು. "ತಲಿ ಅಲಗಾಡಬಾರ್ದು. ತಲಿ ಸುಮ್ಮನಿತ್ತಂದ್ರ ಕಾಲು ತಾವೇ ನೆಲಾ ಹುಡುಕ್ತಾವ," ಎನ್ನುತ್ತಿದ್ದರು. ಇಷ್ಟು ಶಾಂತವಾಗಿ ಅವರು ಹೇಳಿದ ಮಾತು ಇದೊಂದೇ ಇರಬೇಕು. ಮರುಕ್ಷಣ ಕಲ್ಲು ಬಿದ್ದರೆ ಕಲ್ಲಿಗೆ ಬೈಗುಳ.

ವಿಘ್ನಗಳಿಗೇನು ಕಡಿಮೆ ಇರಲಿಲ್ಲ. ಕ್ಯಾನ್ವಾಸ್ ಬೂಟು ಕಚ್ಚಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಅದನ್ನು ಇಕ್ಕಳದಿಂದ ತಾವೇ ಕಿತ್ತು, ಬೂಟು ಹೊಲಿದವನ ವಂಶವನ್ನೆಲ್ಲ ಜಾಲಾಡಿದರು. ಅಕಾಲದ ಮಳೆ ಮೂರು ದಿನ ಹಿಡಿದು ಟೇಕಡಿಯ ದಾರಿ ಕೆಸರಾಯಿತು. ಜಾರಿ ಬಿದ್ದು ಕಣಕಾಲು ಉಳುಕಿದಾಗ ಕಾಕು, ಅಂದರೆ ಅವರ ಹೆಂಡತಿ, ಅರಿಷಿಣ ಸುಣ್ಣ ಕಲಸಿ ಹಚ್ಚಿದರು. ಎರಡು ದಿನ ಕಾಲು ಚಾಚಿ ಕೂತ ಆ ಮನುಷ್ಯನ ಬಾಯಿಗೆ ಹೆದರಿ ಓಣಿಯ ನಾಯಿಗಳೂ ದೂರ ಹೋಗಿದ್ದವು. ಮೂರನೆಯ ನಸುಕಿಗೆ ಮತ್ತೆ ನನ್ನ ಬಾಗಿಲು. ಗುಡ್ಡದ ತುದಿ ಮುಟ್ಟಿದ ಮೇಲೆ ಚಡ್ಡಿಯ ಜೇಬಿನಿಂದ ಮಡಿಚಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಅರ್ಧ ನನಗೆ ಕೊಡುತ್ತಿದ್ದರು. "ತಿನ್ನಲೇ. ನಿನ್ನ ಮಾರಿ ನೋಡಿದ್ರ ಬೈಲಿಕ್ಕೂ ಮನಸಾಗವಲ್ದು." ನನಗೆ ಪುಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ನೆಟ್ಟಗೆ ಹೇಳಿಬಿಡುತ್ತೇನೆ: ಆ ಬೈಗುಳಕ್ಕಾಗಿ ನಾನು ಬಾಗಿಲು ಬಡಿಯುವ ಮೊದಲೇ ಎದ್ದು ಸುಮ್ಮನೆ ಮಲಗಿರುತ್ತಿದ್ದೆ.

ಓಟಕ್ಕೆ ಎರಡು ವಾರವಿದ್ದಾಗ ಇನ್ನೊಂದು ನೋಟೀಸು ಬಂತು. ಗುಡ್ಡದಲ್ಲಿ ದಾರಿ ಕವಲೊಡೆಯುವ ಕಡೆಯೆಲ್ಲ ಹಳದಿ ಪುಡಿ ಚೆಲ್ಲಿ ಗುರುತು ಮಾಡಲಾಗುವುದು, ಓಟಗಾರರು ಹಳದಿಯನ್ನು ನೋಡಿಕೊಂಡು ಹೋಗಬೇಕು. ಗೋಡೆಗೆ ಬಳಿಯುವ ಪಿವಡಿ ಎಂಬ ಹಳದಿ ಪುಡಿಯ ಚೀಲಗಳು ಕಾರ್ಖಾನೆಯ ಬಣ್ಣದ ಗೋದಾಮಿನಲ್ಲಿ ಕೊಳೆಯುತ್ತಿದ್ದವು, ಅದಕ್ಕೆ ಹಳದಿ. ಅದನ್ನು ಓದಿ ಕಾಕಾ ಕೆಂಡವಾದರು.

"ಇವರ ತಲ್ಯಾಗ ಏನ್ ಅದಲೇ? ಓಟ ಇಟ್ಟಾರ ಚಟ್ಟಿ ದಿನಾ. ಹಿಂದಿನ ರಾತ್ರಿ ನಮ್ಮ ಮಂದಿ, ಕಲ್ಲ ಒಡ್ಯಾವ್ರು, ಮಣ್ಣ ಹೊರಾವ್ರು, ಎಲ್ಲಾ ಅದೇ ಗುಡ್ಡದ ದಾರೀಲೆ ಜೇಜುರಿಗೆ ನಡೀತಾರ. ಕವಲು ಬಂದಲ್ಲೆಲ್ಲ ಒಂದು ಹಿಡಿ ಭಂಡಾರ ಒಗೀತಾರ, ಹಿಂದ ಬರಾವ್ರು ದಾರಿ ತಪ್ಪಬಾರ್ದಂತ. ಭಂಡಾರ ಅಂದ್ರ ಏನು? ಅರಿಷಿಣ! ಹಳದಿ! ಕಡೀ ಕವಲಿನ್ಯಾಗ ಶಾಲಿ ದಾರಿ ಎಡಕ್ಕ, ದೇವರ ದಾರಿ ಬಲಕ್ಕ. ಓಡಾವ ಯಾವ ಹಳದಿ ನೋಡಬೇಕು?"

ಮರಾಠಿ ಯಾತ್ರಿಕರು ಬಸ್ಸಿಗೆ, ರೈಲಿಗೆ ಹೋಗುವವರು. ಗುಡ್ಡದ ಹಿಂದಿನ ಆ ದಾರಿಯಲ್ಲಿ ನಡೆದು ಹೋಗುವುದು ನಮ್ಮ ಕಡೆಯ ಕೂಲಿ ಜನ ಮಾತ್ರ. ಆದ್ದರಿಂದ ಇದು ಆಫೀಸಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. "ನೀ ಒಳಗಿನಾಂವ. ಸಾಹೇಬಗ ಹೇಳು, ಕೆಂಪು ಹಾಕ್ರಿ ಇಲ್ಲಾ ಸುಣ್ಣಾ ಹಾಕ್ರಿ ಅಂತ," ಎಂದರು ಕಾಕಾ. ಹೇಳುತ್ತೇನೆ ಎಂದೆ.

ಹೋದೆ. ಆ ಕ್ರೀಡಾ ಸಾಹೇಬರ ಮೇಜಿನ ಮುಂದೆ ನಿಂತೆ. ಅವರು ಯಾರೊಡನೆಯೋ ನಗುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಮುಗಿಸಿ ತಲೆಯೆತ್ತಿ, "ಕಾಯ್?" ಏನು ಎಂದರು. ಗೇಟಿನ ಹೊರಗಿನ ಒಬ್ಬ ಬದಲಿ ಆಳಿನ ಮಾತನ್ನು, ಅದೂ ದೇವರು, ಅರಿಷಿಣ ಎಂದು, ಆ ಸ್ವೆಟರಿನ ಮುಂದೆ ಹೇಗೆ ಹೇಳುವುದೆಂದು ನನಗೆ ನಾಚಿಕೆಯಾಯಿತು. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು. "ಕಾಹೀ ನಾಹೀ ಸರ್," ಏನಿಲ್ಲ ಸರ್ ಎಂದು ಹಿಂದೆ ಬಂದೆ. ಮರುದಿನ ಟೇಕಡಿಯ ಮೇಲೆ ಕಾಕಾ ಕೇಳಿದರು: "ಹೇಳಿದೇನಲೇ?"

"ಹೇಳೀನಿ ಕಾಕಾ. ನೋಡ್ತೀನಿ ಅಂದ್ರು."

ರೊಟ್ಟಿ ಮುರಿದು ನನಗೆ ದೊಡ್ಡ ತುಂಡು ಕೊಟ್ಟರು.

ಓಟದ ದಿನ ಗುಡ್ಡದ ತುಂಬ ಮಂಜು. ನಾನು ಕೊನೆಯ ಮೈದಾನದಲ್ಲಿ ಮೇಜು ಹಾಕಿಕೊಂಡು, ಬಂದವರ ಹೆಸರು, ಹೊತ್ತು ಬರೆದುಕೊಳ್ಳಲು ಕೂತಿದ್ದೆ. ಮಂಜಿನೊಳಗಿಂದ ಮೊದಲು ಬಂದವರು ಕಾಕಾ. ತಲೆ ಅಲುಗಾಡುತ್ತಿರಲಿಲ್ಲ; ಮೇಲೆ ಕಲ್ಲಿದ್ದಿದ್ದರೆ ಅದೂ ಬೀಳುತ್ತಿರಲಿಲ್ಲ. ಕಣಕಾಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೆಲಕ್ಕೆ ಎಳೆಯುತ್ತಿತ್ತು. ಗೆರೆ ದಾಟಿ ನನ್ನ ಮೇಜಿಗೆ ಎರಡೂ ಕೈಯೂರಿ ನಿಂತು, "ಬರಿಯಲೇ," ಎಂದರು. ಬರೆದೆ. ಅವರ ಹಿಂದೆ ಹತ್ತು ನಿಮಿಷ ಯಾರೂ ಇಲ್ಲ. ಅರ್ಧ ತಾಸಾದರೂ ಯಾರೂ ಇಲ್ಲ. ಕ್ರೀಡಾ ಅಧಿಕಾರಿ ಗಡಿಯಾರ ನೋಡುತ್ತ ಮೈದಾನದ ಉದ್ದಕ್ಕೂ ತಿರುಗಾಡತೊಡಗಿದ. ಆಮೇಲೆ ಬಂದರು, ಗುಂಪು ಗುಂಪಾಗಿ, ಜೇಜುರಿ ಕಡೆಯಿಂದ! ತಲೆ, ಹುಬ್ಬು, ಮೀಸೆಯೆಲ್ಲ ಹಳದಿ. ಕೊನೆಯ ಕವಲಿನಲ್ಲಿ ಎಡಕ್ಕಿದ್ದ ಪಿವಡಿಗಿಂತ ದಟ್ಟವಾಗಿ ಬಿದ್ದಿದ್ದ ಭಂಡಾರ ನೋಡಿಕೊಂಡು ಬಲಕ್ಕೆ ತಿರುಗಿದವರು ನೇರ ಹಬ್ಬದ ಜನರೊಳಗೆ ನುಗ್ಗಿದ್ದರು. ಭಕ್ತರು ಬಂದವರ ಮೇಲೆಲ್ಲ ಭಂಡಾರ ತೂರಿದ್ದರು. ಒಬ್ಬನ ಕೈಯಲ್ಲಂತೂ ತೆಂಗಿನಕಾಯಿಯ ಹೋಳಿತ್ತು.

ಕಾಕಾ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನು ಅವರು ನಕ್ಕದ್ದನ್ನು ಕಂಡದ್ದು ಅದೊಂದೇ ಸಲ. ಅದೇ ಅವರಿಗೆ ಮುಳುವಾಯಿತು. ಬೇರೆ ಕಾರ್ಖಾನೆಯ ಮ್ಯಾನೇಜರನೊಬ್ಬ ಅವರ ಸೊಂಟದ ಕಡೆ ಬೆರಳು ತೋರಿಸಿದ. ಅಲ್ಲಿ ಭಂಡಾರದ ಸಣ್ಣ ಚೀಲ ಕಟ್ಟಿತ್ತು.

ಮರುದಿನ ವಿಚಾರಣೆ. ಒಂದು ಕಡೆ ಮೂವರು ಸಾಹೇಬರು, ಎದುರಿಗೆ ಸ್ಟೂಲಿನ ಮೇಲೆ ಕಾಕಾ, ಮೂಲೆಯಲ್ಲಿ ವರದಿ ಬರೆಯಲು ನಾನು. ದಾರಿಯಲ್ಲಿ ಭಂಡಾರ ಒಗೆದೆಯಾ ಎಂದು ಕೇಳಿದರು. ಇನ್ನೊಬ್ಬನಾಗಿದ್ದರೆ ಇಲ್ಲ ಎನ್ನುತ್ತಿದ್ದ. "ಹೌದ್ರಿ. ಘಾಟಿನ ಬುಡಕ್ಕ, ದೇವರ ಕಲ್ಲಿಗೆ, ಒಂದು ಚಿಟಿಕಿ," ಎಂದರು ಈ ಮನುಷ್ಯ. ಉಳಿದವರನ್ನು ದಾರಿ ತಪ್ಪಿಸಲು ಎಲ್ಲ ಕವಲಿನಲ್ಲೂ ಒಗೆದವನು ನೀನೇ ಎಂದರು ಅವರು. ಕಾಕಾನ ಧ್ವನಿ ಏರಿತು. ಅವರ ಅರೆಬರೆ ಮರಾಠಿಯೊಳಗೆ ಕನ್ನಡ ನುಗ್ಗಿತು. "ಹದಿನೈದು ದಿನಾ ಮೊದಲ ಹೇಳೀನ್ರಿ ನಾ! ಹಳದಿ ಬ್ಯಾಡ, ಕೆಂಪು ಹಾಕ್ರಿ ಅಂತ ಹೇಳಿ ಕಳಿಸೀನಿ!"

"ನನಗೆ ಯಾರೂ ಹೇಳಿಲ್ಲ," ಎಂದ ಕ್ರೀಡಾ ಅಧಿಕಾರಿ. ಅವನ ಮಟ್ಟಿಗೆ ಅದು ನಿಜ. ಹಾಳಾದವನು ಅದೊಂದನ್ನಾದರೂ ನಿಜ ಹೇಳಿದ. ಆಮೇಲೆ ಕೇಳಿದ: "ಕೋಣಾಲಾ ಸಾಂಗಿತಲಸ್?" ಯಾರಿಗೆ ಹೇಳಿದೆ?

ಕಾಕಾ ನನ್ನ ಕಡೆ ತಿರುಗಿದರು. ನಾನು ತಲೆ ಎತ್ತಲಿಲ್ಲ. ಕಾಗದದ ಮೇಲೆ ಪೆನ್ನು ನಿಂತಲ್ಲೇ ನಿಂತು ಮಸಿ ಹರಡಿತು. ಒಂದು ಮಾತು ಸಾಕಿತ್ತು: ನನಗೆ ಹೇಳಿದ್ದಾರೆ, ತಪ್ಪು ನನ್ನದು. ಪ್ರೊಬೇಷನ್ ನೆನಪಾಯಿತು. ಆ ಮಾತನ್ನು ನುಂಗಿದೆ. ಟೇಕಡಿಯ ಮೇಲೆ ನಾನು ಹೇಳಿದ ಸುಳ್ಳು ಅವರಿಗೆ ತಿಳಿದದ್ದು ಆಗಲೇ ಇರಬೇಕು. ಕಡೆಗೆ ಅವರ ಧ್ವನಿ ಕೇಳಿಸಿತು, ಏರಿದ್ದದ್ದು ಪೂರ್ತಿ ಇಳಿದಿತ್ತು.

"ನೆನಪಿಲ್ರಿ ಸಾಹೇಬ್ರ."

ಯಾರಿಗೆ ಹೇಳಿದ್ದೆಂದು ನೆನಪಿಲ್ಲ ಎಂದು ನಾನೇ ನನ್ನ ಕೈಯಾರೆ ವರದಿಯಲ್ಲಿ ಬರೆದೆ. ಅಕ್ಷರ ದುಂಡಗಿದೆ ಎಂದು ಸಾಹೇಬರು ಮೆಚ್ಚಿದರು.

ಓಟ ರದ್ದಾಯಿತು. ಮತ್ತೆ ನಡೆಸಲೇ ಇಲ್ಲ. ಕಾಕಾನ ಹೆಸರನ್ನು ಬದಲಿಯವರ ಪಟ್ಟಿಯಿಂದಲೂ ಹೊಡೆದುಹಾಕಿದರು. ಹೊಡೆದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ, ಪಟ್ಟಿ ಇರುತ್ತಿದ್ದದ್ದು ನನ್ನ ಹತ್ತಿರ. ಎರಡು ತಿಂಗಳಿಗೆ ನಾನು ಕಾಯಂ ಆದೆ. ಕಾಕಾ ಮತ್ತೆ ಸಿಂಬಿ ಸುತ್ತಿಕೊಂಡು ಕಟ್ಟಡದ ಕೆಲಸಕ್ಕೆ ಹೋದರು. ತಮ್ಮ ಗೋದಾಮಿನ ಪುಡಿ ಖಾಲಿಯಾಗಲೆಂದು ಹಳದಿ ಚೆಲ್ಲಿಸಿದ ಆ ಅಧಿಕಾರಿ ಬಡ್ತಿ ಪಡೆದು ಮುಂಬೈಗೆ ಹೋದ. ಇವರ ಮೇಲೆಲ್ಲ ನನಗೆ ಸಿಟ್ಟಿದೆ. ಆದರೆ ಆ ಸಿಟ್ಟು ಎಷ್ಟು ದೂರ ಹೋದರೂ ಕಡೆಗೆ ಬಂದು ನಿಲ್ಲುವುದು ನಾನು ವರದಿ ಬರೆದ ಆ ಮೂಲೆಯ ಮೇಜಿನ ಹತ್ತಿರವೇ.

ವಿಚಾರಣೆಯ ಸಂಜೆ ನಾನು ನಲ್ಲಿಯ ಹತ್ತಿರ ಬೇಕೆಂದೇ ನಿಂತಿದ್ದೆ. ಬೈಯಲಿ, ಕಪಾಳಕ್ಕೆ ಹೊಡೆಯಲಿ, ಕೊಡದಿಂದ ಬಡಿಯಲಿ ಎಂದು ಕಾದಿದ್ದೆ. ಕಾಕಾ ಬಂದರು, ಕೊಡ ಇಟ್ಟರು, ನನ್ನನ್ನು ನೋಡಿದರು.

"ಚಾ ಆತೇನ್ರಿ ಸಾಹೇಬ್ರ?"

ಲೇ ಇಲ್ಲ, ತಮ್ಮಾ ಇಲ್ಲ, ಹೆಣಾ ಇಲ್ಲ. ರೀ, ಸಾಹೇಬ್ರ. ನಾನು, "ಕಾಕಾ, ನಂದ ತಪ್ಪಾತು," ಎಂದೆ. "ಇರ್ಲಿ ಬಿಡ್ರಿ," ಎಂದು ಕೊಡ ತುಂಬಿಸಿಕೊಂಡು ಹೋದರು.

ಮರುದಿನ ನಸುಕಿನಲ್ಲಿ ಎಚ್ಚರವಾಗಿ ಮಲಗಿದ್ದೆ. ಅವರ ಹೆಜ್ಜೆ ನನ್ನ ಬಾಗಿಲಿನವರೆಗೆ ಬಂದು, ನಿಲ್ಲದೆ ಮುಂದೆ ಹೋಯಿತು. ಅವರು ಟೇಕಡಿಗೆ ಓಡುವುದನ್ನು ಬಿಡಲಿಲ್ಲ, ನನ್ನನ್ನು ಬಿಟ್ಟರು. ಒಂದು ವಾರ ಕಳೆದ ಮೇಲೆ ತಡೆಯಲಾರದೆ ಸೈಕಲ್ಲನ್ನು ಅವರ ಬಾಗಿಲಿಗೆ ಪೂರ್ತಿ ಅಡ್ಡ ನಿಲ್ಲಿಸಿ, ಒಳಗೆ ಹೋಗಿ ಕಿವಿಗೊಟ್ಟು ಕೂತೆ. ನಿಮ್ಮಪ್ಪನ ಸ್ಟೇಷನ್ನೇನಲೇ ಎಂಬ ಕೂಗು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಹೊರಗೆ ಬಂದು ನೋಡಿದರೆ ಸೈಕಲ್ಲು ನನ್ನ ಗೋಡೆಗೆ ಒರಗಿತ್ತು. ಸದ್ದಾಗದ ಹಾಗೆ ಎತ್ತಿ ತಂದು ಇಟ್ಟಿದ್ದರು. ಇನ್ನೂ ನಾಲ್ಕಾರು ಸಲ ಅಡ್ಡ ನಿಲ್ಲಿಸಿದೆ. ಪ್ರತಿ ಸಲವೂ ಅದೇ.

ಐದು ವರ್ಷ ಒಂದೇ ಓಣಿಯಲ್ಲಿ ಹೀಗೆ ಕಳೆದೆವು. ಮಳೆ ಬಂತಲ್ರಿ, ಊರಿಗೆ ಹೋಗಿದ್ರೇನ್ರಿ, ಆರಾಮ ಅದೀರೇನ್ರಿ. ನನಗೆ ಅವರ ಮೇಲೂ ಸಿಟ್ಟು ಬರುತ್ತಿತ್ತು. ನಲ್ಲಿಗೆ ಬೈಯುತ್ತಿದ್ದ, ನಾಯಿಗೆ ಬೈಯುತ್ತಿದ್ದ ಮನುಷ್ಯ ನನಗೆ ಬೈಯಲು ಯಾಕೆ ಒಲ್ಲೆ ಎಂದರು? ಕಲ್ಲಿಗಿಂತಲೂ ಕಡೆಯಾದೆನೇ ನಾನು? ಹೋದ ತಿಂಗಳು ಚಿಂಚವಡದ ಒಂದು ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಬುಟ್ಟಿಯನ್ನು ಮಾತ್ರ ಚೆಲ್ಲದ ಹಾಗೆ ಪಕ್ಕಕ್ಕೆ ಇಳಿಸಿದ್ದರಂತೆ.

ಶೋಕಸಭೆ ಮುಗಿದ ಮೇಲೆ ಹೆಂಗಸರ ನಡುವೆ ಕೂತಿದ್ದ ಕಾಕುವಿನ ಹತ್ತಿರ ಹೋದೆ. ಸೆರಗಿನಿಂದ ಮುಖ ಒರೆಸಿಕೊಂಡು ಅವರು ನನ್ನನ್ನು ನೋಡಿದರು.

"ಛಂದ ಮಾತಾಡಿದ್ರಿ. ಆದ್ರ ಶಾಂತ ಮನಷ್ಯಾ ಅಂದ್ರಲ್ಲ, ಅಳಕೋತ ಕುಂತಾಕಿಗಿ ನಗಿ ಬಂತು ನೋಡ್ರಿ," ಎಂದರು. "ಹೋಗೋ ದಿನ ಮುಂಜಾನೇನೂ ನನಗ ಬೈದಾರ. ರೊಟ್ಟಿ ಸುಟ್ಟೀದಿ, ನಿನ್ನ ಕೈಯಾಗ ಏನ್ ಬೆಂಕಿ ಅದನು ಅಂತ. ಓಣಿ ಮಂದಿಗೆಲ್ಲ ಕೇಳ್ಯದ. ಆ ಓಟ ಆದಮ್ಯಾಲೆ ನಿಮಗ ಖರೇನೇ ಒಂದಿನಾನೂ ಬೈದಿಲ್ಲೇನ್ರಿ?"

"ಇಲ್ರಿ ಕಾಕು," ಎಂದೆ. "ಐದು ವರ್ಷದಾಗ ಒಮ್ಮೀನೂ ಇಲ್ಲ."

ಅದು ಸುಳ್ಳಲ್ಲ. ಆಕೆ ಅಳುತ್ತಲೇ, ಸುಟ್ಟ ರೊಟ್ಟಿಯ ಬೈಗುಳವನ್ನು ಪಕ್ಕದ ಹೆಂಗಸಿಗೆ ಮತ್ತೊಮ್ಮೆ ಹೇಳತೊಡಗಿದರು. ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಾಯಿತು.